ವಿಷಲ್ ಊದಿದ್ದು ಅಂಪೈರ್ ಅಲ್ಲ

ಡಾರ್ಟ್ಸ್ ಅಂದ್ರೆ ನಮ್ಮಲ್ಲಿ ಬಹಳ ಜನಕ್ಕೆ ನೆನಪಾಗೋದು ಆಫೀಸ್ ಕೆಫೆಟೇರಿಯಾ ಪಕ್ಕದ ಗೋಡೆ. ಒಂದು ಕೇರಂ ಬೋರ್ಡ್, ಒಂದು ಫೂಸ್‌ಬಾಲ್ ಟೇಬಲ್, ಪಕ್ಕದಲ್ಲಿ ಅರ್ಧ ಬಾಣ ಕಳೆದುಹೋಗಿರುವ ಡಾರ್ಟ್ಸ್ ಬೋರ್ಡ್. ಹೊಸದಾಗಿ ಸೇರಿದವರು ಮೊದಲ ವಾರ ಆಡ್ತಾರೆ, ಆಮೇಲೆ ಆ ಕಡೆ ತಿರುಗಿಯೂ ನೋಡಲ್ಲ. ಈ ಆಟಕ್ಕೆ ವಿಶ್ವ ಚಾಂಪಿಯನ್‌ಶಿಪ್ ಇದೆ, ಅದನ್ನ ನೋಡೋಕೆ ಟಿಕೆಟಿಗೆ ಜನ ಮುಗಿಬೀಳ್ತಾರೆ ಅಂತ ನನಗೆ ಗೊತ್ತಾಗಿದ್ದು ಲಂಡನ್ ಕ್ಲೈಂಟಿನ ನೈಟ್ ಸಪೋರ್ಟ್ ನನ್ನ ಪಾಲಿಗೆ ಬಂದ ಮೇಲೆ.

ಕ್ರಿಸ್‌ಮಸ್ ಆಸುಪಾಸಿನಲ್ಲಿ ಅಲ್ಲಿನವರೆಲ್ಲ ರಜೆಯಲ್ಲಿರ್ತಾರೆ. ಇಶ್ಯೂ ಬರೋದು ಕಡಿಮೆ, ಆದ್ರೆ ಲ್ಯಾಪ್‌ಟಾಪ್ ಮುಂದಿಂದ ಏಳುವ ಹಾಗಿಲ್ಲ. ಅದೇ ಹೊತ್ತಿಗೆ ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸ್‌ನಲ್ಲಿ ಡಾರ್ಟ್ಸ್ ನಡೀತಿರುತ್ತೆ. ಅಲ್ಲಿ ಸಂಜೆ 7 ಗಂಟೆ ಅಂದ್ರೆ ನಮಗೆ ರಾತ್ರಿ 12.30. ಒಂದು ಸ್ಕ್ರೀನಿನಲ್ಲಿ ಡ್ಯಾಶ್‌ಬೋರ್ಡ್, ಇನ್ನೊಂದರಲ್ಲಿ ಡಾರ್ಟ್ಸ್. ಹೀಗೆ ಮೂರು ಡಿಸೆಂಬರ್ ಕಳೆದಿದ್ದೇನೆ.

ನಿಜ ಹೇಳ್ಬೇಕಂದ್ರೆ, ಆಟಕ್ಕಿಂತ ಜನರನ್ನ ನೋಡೋದೇ ಮಜಾ. ಮೂರು ಸಾವಿರದಷ್ಟು ಜನ ಮದುವೆ ಊಟದ ಪಂಕ್ತಿ ತರ ಉದ್ದುದ್ದ ಟೇಬಲ್‌ಗಳ ಮುಂದೆ ಕೂತಿರ್ತಾರೆ. ಟೇಬಲ್ ತುಂಬಾ ಬಿಯರ್ ಜಗ್. ಒಬ್ಬ ಬಾಳೆಹಣ್ಣಿನ ವೇಷ, ಇನ್ನೊಬ್ಬ ಪೋಪ್ ವೇಷ, ಒಂದು ಟೇಬಲ್ ಪೂರ್ತಿ ಟ್ರಾಫಿಕ್ ಕೋನ್‌ಗಳು. ಆಟಗಾರ 180 ಹೊಡೆದ ಅಂದ್ರೆ ಸಾಕು, ಎಲ್ಲರೂ ಎದ್ದು ಕುಣೀತಾರೆ. ನಮ್ಮ ಗಣೇಶನ ವಿಸರ್ಜನೆಗೂ ಅದಕ್ಕೂ ಹೆಚ್ಚು ವ್ಯತ್ಯಾಸ ಇಲ್ಲ ಅನ್ನಿಸುತ್ತೆ.

ಆದ್ರೆ ಆಟ ಅರ್ಥ ಆದ ಮೇಲೆ ಆ ಗದ್ದಲದಲ್ಲಿ ಇನ್ನೊಂದು ಕೇಳಿಸೋಕೆ ಶುರುವಾಗುತ್ತೆ. ಡಾರ್ಟ್ಸ್‌ನಲ್ಲಿ 501ರಿಂದ ಶುರುಮಾಡಿ ಸರಿಯಾಗಿ ಸೊನ್ನೆಗೆ ಇಳಿಸಬೇಕು. ಕೊನೆಯ ಬಾಣ ಬೋರ್ಡಿನ ಹೊರ ಅಂಚಿನ ‘ಡಬಲ್’ ಪಟ್ಟಿಗೋ, ನಟ್ಟನಡುವಿನ ಬುಲ್ಸ್‌ಐಗೋ ಬೀಳಲೇಬೇಕು. ಆ ಪಟ್ಟಿಯ ಅಗಲ 8 ಮಿಲಿಮೀಟರ್. ಆಟಗಾರ ನಿಲ್ಲೋದು 2.37 ಮೀಟರ್ ದೂರದಲ್ಲಿ. ಜನಕ್ಕೆ ಇಷ್ಟವಿಲ್ಲದ ಆಟಗಾರ ಆ ಬಾಣಕ್ಕೆ ಕೈ ಎತ್ತಿದ ಕ್ಷಣವೇ ಯಾರೋ ಒಬ್ಬ ಶಿಳ್ಳೆ ಹೊಡೀತಾನೆ. ಒಂದೇ ಸಮನೆ ಬರುವ ಗದ್ದಲ ಆಟಗಾರರಿಗೆ ಅಭ್ಯಾಸ ಆಗಿರುತ್ತೆ. ಕೈ ಎತ್ತಿದಾಗ ಮಾತ್ರ ಬರುವ ಶಿಳ್ಳೆಗೆ ಅಭ್ಯಾಸ ಅನ್ನೋದೇ ಇಲ್ಲ. ಫ್ಯಾನ್ ಸದ್ದಲ್ಲಿ ನಿದ್ದೆ ಬರುತ್ತೆ, ನಲ್ಲಿ ತೊಟ್ಟಿಕ್ಕುತ್ತಿದ್ದರೆ ಬರಲ್ಲ ಅಲ್ವಾ, ಹಾಗೆ.

ವೇಲ್ಸ್‌ನ ಗೆರ್ವಿನ್ ಪ್ರೈಸ್ ಕಥೆ ಕೇಳಿ. ಮೊದಲು ರಗ್ಬಿ ಆಡುತ್ತಿದ್ದ ದೊಡ್ಡ ಆಳು. 2018ರ ಗ್ರ್ಯಾಂಡ್ ಸ್ಲ್ಯಾಮ್ ಫೈನಲ್‌ನಲ್ಲಿ ಎದುರಾಳಿಯ ಮುಖದ ಹತ್ತಿರವೇ ಕಿರುಚಿ ಸಂಭ್ರಮಿಸಿದ್ದಕ್ಕೆ ದಂಡ ಬಿತ್ತು. ಅಲ್ಲಿಂದ ಜನ ಅವರನ್ನ ಬಿಡಲಿಲ್ಲ. ಹೋದಲ್ಲೆಲ್ಲ ಛೀಮಾರಿ, ಶಿಳ್ಳೆ. 2021ರ ಜನವರಿ 3ರಂದು ಅದೇ ಪ್ರೈಸ್ ಗ್ಯಾರಿ ಆಂಡರ್ಸನ್ ವಿರುದ್ಧ 7-3ರಿಂದ ಗೆದ್ದು ವಿಶ್ವ ಚಾಂಪಿಯನ್ ಆದರು. ಆ ವರ್ಷ ಕೋವಿಡ್. ಫೈನಲ್ ನಡೆದ ಹಾಲ್‌ನಲ್ಲಿ ಒಬ್ಬ ಪ್ರೇಕ್ಷಕನೂ ಇರಲಿಲ್ಲ. ಎರಡು ವರ್ಷ ಕಳೆದು ಜನ ವಾಪಸ್ ಬಂದಿದ್ದರು. 2023ರ ಜನವರಿ 1ರ ಕ್ವಾರ್ಟರ್ ಫೈನಲ್‌ನಲ್ಲಿ ಪ್ರೈಸ್ ಕಟ್ಟಡದ ಕೆಲಸಗಾರರು ಡ್ರಿಲ್ಲಿಂಗ್ ಮಾಡುವಾಗ ಹಾಕಿಕೊಳ್ಳುವಂಥ ದೊಡ್ಡ ಇಯರ್ ಡಿಫೆಂಡರ್ ಕಿವಿಗೆ ಹಾಕಿಕೊಂಡು ಬಾಣ ಎಸೆದರು. ಜರ್ಮನಿಯ ಗೇಬ್ರಿಯಲ್ ಕ್ಲೆಮೆನ್ಸ್ ಎದುರು 5-1ರಿಂದ ಸೋತರು. ಕ್ಲೆಮೆನ್ಸ್ ಅವತ್ತು ಚೆನ್ನಾಗಿಯೇ ಆಡಿದ್ದರು, ಅದನ್ನ ಅಲ್ಲಗಳೆಯೋ ಹಾಗಿಲ್ಲ. ಆದ್ರೂ ಒಬ್ಬ ಆಟಗಾರ ತನ್ನ ಆಟ ನೋಡೋಕೆ ಬಂದವರಿಂದಲೇ ಕಿವಿ ಮುಚ್ಚಿಕೊಳ್ಳಬೇಕಾಗಿ ಬಂತಲ್ಲ, ಆ ದೃಶ್ಯ ಕಣ್ಣಿಂದ ಹೋಗಲ್ಲ.

ಗದ್ದಲವೇ ಬೇಡ ಅನ್ನೋನು ನಾನಲ್ಲ. 2019ರ ಡಿಸೆಂಬರ್‌ನಲ್ಲಿ ಫ್ಯಾಲನ್ ಶೆರಾಕ್ ಅದೇ ವೇದಿಕೆಯಲ್ಲಿ ಟೆಡ್ ಎವೆಟ್ಸ್‌ರನ್ನ ಸೋಲಿಸಿ, ಈ ಚಾಂಪಿಯನ್‌ಶಿಪ್‌ನಲ್ಲಿ ಪಂದ್ಯ ಗೆದ್ದ ಮೊದಲ ಮಹಿಳೆಯಾದರು. ಹಾಲ್ ಪೂರ್ತಿ ಅವರ ಹೆಸರು ಕೂಗ್ತಿತ್ತು. ಯೂಟ್ಯೂಬಿನಲ್ಲಿ ಈಗ ನೋಡಿದರೂ ಮೈ ಜುಮ್ ಅನ್ನುತ್ತೆ. ಅದೇ ವಿಡಿಯೋವನ್ನ ಇನ್ನೊಂದು ಸಲ ಎವೆಟ್ಸ್ ಮುಖ ನೋಡ್ತಾ ನೋಡಿ. ಆತನಿಗೆ ಆಗ ಇಪ್ಪತ್ತೆರಡು ವರ್ಷ. ಯಾರಿಗೂ ಏನೂ ಮಾಡಿರಲಿಲ್ಲ. ಡ್ರಾದಲ್ಲಿ ಎದುರಾಳಿಯಾಗಿ ಬಂದಿದ್ದಷ್ಟೇ ತಪ್ಪು. ಆತ ಬಾಣ ಎಸೆಯುವಾಗಲೂ ಶಿಳ್ಳೆ.

ಇದನ್ನೆಲ್ಲ ಇಷ್ಟು ವಿವರವಾಗಿ ನೋಡೋಕೆ ನನಗೊಂದು ಕಾರಣ ಇದೆ. ಅದು ಲಂಡನ್ನಿನದ್ದಲ್ಲ, ನಮ್ಮೂರ ಕಡೆಯದ್ದು.

ನಮ್ಮೂರು ಹಾರನಹಳ್ಳಿ, ಅರಸೀಕೆರೆ ತಾಲ್ಲೂಕು. ಹೆಸರು ಹೇಳಿದ ತಕ್ಷಣ ಎಲ್ಲರೂ “ಓ, ಕೋಡಿಮಠ! ಈ ವರ್ಷ ಭವಿಷ್ಯ ಏನಂತೆ?” ಅಂತ ಕೇಳ್ತಾರೆ. ಬೇಲೂರು, ಹಳೇಬೀಡು ನೋಡೋಕೆ ಹೋಗುವವರು ಸ್ವಲ್ಪ ದಾರಿ ತಿರುಗಿಸಿದರೆ ನಮ್ಮೂರಲ್ಲೂ 13ನೇ ಶತಮಾನದ ಎರಡು ಹೊಯ್ಸಳ ದೇವಸ್ಥಾನ ಇವೆ, ಲಕ್ಷ್ಮೀನರಸಿಂಹ ಮತ್ತು ಸೋಮೇಶ್ವರ. ಸುತ್ತ ತೆಂಗಿನ ತೋಟ. ಕೊಬ್ಬರಿ ರೇಟಿನ ಮೇಲೆ ಮನೆ ನಡೆಯುವ ಊರುಗಳು. ಬೇಸಿಗೆ ಬಂತು ಅಂದ್ರೆ ಒಂದಲ್ಲ ಒಂದು ಹಳ್ಳಿಯಲ್ಲಿ ‘ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿ’ ಅಂತ ಫ್ಲೆಕ್ಸ್ ಬೀಳುತ್ತೆ. ನನ್ನ ಸೋದರಮಾವ ಇಂಥ ಪಂದ್ಯಗಳಿಗೆ ಅಂಪೈರ್. ಪಿ.ಟಿ. ಮೇಷ್ಟ್ರಾಗಿ ರಿಟೈರ್ ಆದವರು. ಮೂವತ್ತು ವರ್ಷ ಆ ವಿಷಲ್ ಅವರ ಕೊರಳಲ್ಲಿತ್ತು.

ಕಬಡ್ಡಿಯ ಒಂದು ವಿಶೇಷ ಗಮನಿಸಿದ್ದೀರಾ? ಕ್ರಿಕೆಟ್ಟಲ್ಲಿ ಬ್ಯಾಟ್ಸ್‌ಮನ್ ಬಾಯಿ ಮುಚ್ಚಿಕೊಂಡೇ ಸೆಂಚುರಿ ಹೊಡೀಬಹುದು. ಕಬಡ್ಡಿಯಲ್ಲಿ ರೈಡರ್‌ನ ಧ್ವನಿಯೇ ಆಟದ ಭಾಗ. ಗೆರೆ ದಾಟಿದವನು ವಾಪಸ್ ಬರುವವರೆಗೂ ಬಿಡದೆ ‘ಕಬಡ್ಡಿ ಕಬಡ್ಡಿ’ ಅಂತಿರಬೇಕು, ಅದು ಸ್ಪಷ್ಟವಾಗಿ ಕೇಳಿಸಬೇಕು. ನಿಯಮದ ಪುಸ್ತಕದಲ್ಲಿ ಅದಕ್ಕೆ ಕ್ಯಾಂಟ್ ಅಂತಾರೆ, ಮಾವ ‘ಉಸಿರು’ ಅಂತಾರೆ. ಉಸಿರು ತುಂಡಾಯ್ತು ಅಂತ ಅಂಪೈರ್‌ಗೆ ಅನ್ನಿಸಿದರೆ ರೈಡ್ ಅಲ್ಲಿಗೇ ಮುಗೀತು. ಒಂದು ರೈಡ್‌ಗೆ 30 ಸೆಕೆಂಡ್. ಅಂಕಣ 13 ಮೀಟರ್ ಉದ್ದ, 10 ಮೀಟರ್ ಅಗಲ. ಹಳ್ಳಿಯಲ್ಲಿ ಜನ ಕೂರೋದು ಆ ಗೆರೆಗೆ ಮಂಡಿ ತಾಗಿಸಿಕೊಂಡು. ಅಂದ್ರೆ ಇಲ್ಲಿ ಪ್ರೇಕ್ಷಕ ಗ್ಯಾಲರಿಯಲ್ಲಿಲ್ಲ, ಆಟಗಾರನ ಕಿವಿಯ ಪಕ್ಕದಲ್ಲೇ ಇದ್ದಾನೆ.

ಎರಡು ವರ್ಷದ ಹಿಂದೆ, ಹಾರನಹಳ್ಳಿಯಿಂದ ಬೈಕಿನಲ್ಲಿ ಹದಿನೈದು ನಿಮಿಷದ ಒಂದು ಹಳ್ಳಿ. ಹೆಸರು ಬೇಡ. ಸೆಮಿಫೈನಲ್. ಒಂದು ಕಡೆ ಆ ಊರಿನ ತಂಡ, ಇನ್ನೊಂದು ಕಡೆ ಕಡೂರು ಕಡೆಯಿಂದ ಬಂದ ಹುಡುಗರು. ಅವರ ರೈಡರ್‌ಗೆ ಹತ್ತೊಂಬತ್ತು ಇರಬಹುದು, ಸಣ್ಣ ಆಳು, ಕಾಲು ಮಾತ್ರ ಮಿಂಚು. ಆಟ ಮುಗಿಯೋಕೆ ಎರಡು ನಿಮಿಷ, ಒಂದೇ ಪಾಯಿಂಟ್ ವ್ಯತ್ಯಾಸ. ಆತ ಒಳಗೆ ಹೋದ. ಬಲಗಡೆ ಮೂಲೆಯವನನ್ನ ಮುಟ್ಟೋಕೆ ಕಾಲು ಚಾಚಿದ. ಪಿರ್‍ರ್ ಅಂತ ವಿಷಲ್. ಹುಡುಗ ಆಟ ನಿಂತಿತು ಅಂದುಕೊಂಡು ನಿಂತ, ಅಂಪೈರ್ ಕಡೆ ತಿರುಗಿದ. ಅಷ್ಟರಲ್ಲಿ ಮೂರು ಜನ ಕಾಲಿಗೆ ಬಿದ್ದು ಮಗುಚಿದರು.

ವಿಷಲ್ ಊದಿದ್ದು ಮಾವ ಅಲ್ಲ. ಜಾತ್ರೆಯಲ್ಲಿ ಹತ್ತು ರೂಪಾಯಿಗೆ ಸಿಗುವ ಪ್ಲಾಸ್ಟಿಕ್ ವಿಷಲ್ ಇಟ್ಟುಕೊಂಡು ಜನರ ಮಧ್ಯೆ ಕೂತಿದ್ದ ಯಾರೋ.

ಮಾವ ಪಾಯಿಂಟ್ ಕೊಡಲಿಲ್ಲ, ರೈಡ್ ಮತ್ತೆ ಆಡಿ ಅಂದರು. ಅಲ್ಲಿಂದ ಶುರುವಾಯ್ತು ನೋಡಿ. ಮೈಕ್ ಹಿಡಿದಿದ್ದವನು “ಅಂಪೈರ್ ಸಾಹೇಬ್ರಿಗೆ ಕನ್ನಡಕದ ನಂಬರ್ ಬದಲಾಯಿಸಬೇಕು” ಅಂದ. ಜನ ಹೋ ಅಂದ್ರು. ನೀರಿನ ಪ್ಯಾಕೆಟ್ ಬಿತ್ತು, ಆಮೇಲೆ ಒಂದು ತೆಂಗಿನ ಮಟ್ಟೆ ಹಾರಿ ಬಂದು ಆ ಹುಡುಗನ ಕಾಲ ಹತ್ತಿರ ಬಿತ್ತು. ನಂತರ ಆತನ ತಾಯಿಯನ್ನ ಹಿಡಿದು ಬೈಗುಳ, ಅದೂ ತಾಳ ಹಾಕಿಕೊಂಡು, ಗುಂಪಾಗಿ. ನನ್ನ ಪಕ್ಕ ಚೇರಿನಲ್ಲಿ ಕೂತಿದ್ದ ಅತ್ತೆ ಏನೂ ಹೇಳದೆ ಎದ್ದರು. ಮಾವನ ಮಗಳು ಎದ್ದಳು. ತಿರುಗಿ ನೋಡಿದರೆ ಹೆಂಗಸರ ಕಡೆಯ ಚೇರುಗಳು ಒಂದೊಂದಾಗಿ ಖಾಲಿಯಾಗ್ತಿದ್ದವು. ಎರಡು ನಿಮಿಷದಲ್ಲಿ ಆ ಮೂಲೆಯಲ್ಲಿ ಚೇರು ಮಾತ್ರ ಉಳಿದಿತ್ತು.

ಹುಡುಗ ಮತ್ತೆ ರೈಡ್ ಹೋದ. ಸುತ್ತ ನಾಲ್ಕೈದು ವಿಷಲ್. ಯಾರನ್ನೂ ಮುಟ್ಟದೆ ಬರಿಗೈಲಿ ವಾಪಸ್ ಬಂದ. ಒಂದು ಪಾಯಿಂಟಿನಿಂದ ಸೋತರು.

ಪಂದ್ಯ ಮುಗಿದ ಮೇಲೆ ಅವರ ಟಾಟಾ ಏಸ್ ಹಿಂದೆ ಕೂತು ಆತ ಪಾದದ ಟೇಪ್ ಬಿಚ್ಚುತ್ತಿದ್ದ. ಮಾವ ನೀರಿನ ಬಾಟಲ್ ಕೊಟ್ಟರು. ವಿಷಲ್ ಊದಿದ್ದು ಯಾರು ಅಂತ ಆತ ಕೇಳಲಿಲ್ಲ. ಬೈದವರ ಬಗ್ಗೆಯೂ ಏನೂ ಹೇಳಲಿಲ್ಲ. ಕೇಳಿದ್ದು ಒಂದೇ, “ಸಾರ್, ಕೊನೇ ರೈಡಲ್ಲಿ ನನ್ ಉಸಿರು ನಿಮಗೆ ಕೇಳಿಸ್ತಾ?”

“ಕೇಳಿಸ್ತು ಮಗಾ, ಚೆನ್ನಾಗೇ ಕೇಳಿಸ್ತು” ಅಂದರು ಮಾವ.

ಬೈಕಿನಲ್ಲಿ ವಾಪಸ್ ಬರುವಾಗ, ಊರ ಕೆರೆ ದಾಟಿದ ಮೇಲೆ, ಹಿಂದಿನಿಂದ ಹೇಳಿದರು: “ಕೇಳಿಸ್ಲಿಲ್ಲ ಕಣೋ. ತುಟಿ ನೋಡ್ಕೊಂಡು ಬಿಟ್ಟೆ.” ಸ್ವಲ್ಪ ಹೊತ್ತಾದ ಮೇಲೆ, “ಕಿವಿಗೆ ಬೀಳದೇ ಇರೋದನ್ನ ಬಿತ್ತು ಅಂತ ಎಷ್ಟು ದಿನ ತೀರ್ಪು ಕೊಡೋದು?” ಅಂದರು. ಆ ಬೇಸಿಗೆಯಲ್ಲಿ ಒಪ್ಪಿಕೊಂಡಿದ್ದ ಇನ್ನೆರಡು ಪಂದ್ಯಾವಳಿಗೆ ಫೋನ್ ಮಾಡಿ ಬರಲ್ಲ ಅಂದುಬಿಟ್ಟರು. ವಿಷಲ್ ಈಗ ಟಿವಿ ಪಕ್ಕದ ಮೊಳೆಯಲ್ಲಿ ನೇತಾಡ್ತಿದೆ.

ಇದನ್ನ ಫ್ರೆಂಡ್ಸ್ ಹತ್ತಿರ ಹೇಳಿದಾಗ ಬರುವ ಉತ್ತರ ಹೆಚ್ಚುಕಡಿಮೆ ಒಂದೇ. “ಲೋ, ಆಟ ಅಂದ್ಮೇಲೆ ಗಲಾಟೆ ಇರುತ್ತೆ. ಅದಕ್ಕೇ ತಾನೇ ಜನ ಬರೋದು?” ಅಲೆಕ್ಸಾಂಡ್ರಾ ಪ್ಯಾಲೇಸ್‌ನವರನ್ನ ಕೇಳಿದರೆ ‘ದುಡ್ಡು ಕೊಟ್ಟಿದ್ದೀವಿ’ ಅಂತಾರೆ, ನಮ್ಮ ಹಳ್ಳಿಯವರನ್ನ ಕೇಳಿದರೆ ‘ನಮ್ಮೂರ ಆಟ’ ಅಂತಾರೆ. ಎರಡೂ ಸುಳ್ಳಲ್ಲ. ಆದ್ರೆ ಟಿಕೆಟ್ ತಗೊಂಡಿದ್ದು ನೋಡೋಕೆ, ಕೂಗೋಕೆ. ಬಾಣ ಎಸೆಯುವ ಕೈಯನ್ನ ಶಿಳ್ಳೆಯಿಂದ ಅಲ್ಲಾಡಿಸೋದು, ಸುಳ್ಳು ವಿಷಲ್‌ನಿಂದ ರೈಡರ್‌ನ ನಿಲ್ಲಿಸೋದು, ಇವು ನೋಡೋದರ ಲೆಕ್ಕಕ್ಕೆ ಬರಲ್ಲ. ಅದು ಆಡೋದು. ಏಳು ಜನರ ತಂಡಕ್ಕೆ ಎಂಟನೆಯವನಾಗಿ ಇಳಿದ ಹಾಗೆ. ಆ ಎಂಟನೆಯವನಿಗೆ ಜೆರ್ಸಿ ನಂಬರ್ ಇಲ್ಲ, ಅವನನ್ನ ಔಟ್ ಮಾಡೋಕಾಗಲ್ಲ, ಸೋತರೆ ಅವನ ಹೆಸರಿಗೆ ಬರಲ್ಲ. ಇಷ್ಟು ಸುರಕ್ಷಿತವಾಗಿ ಕೂತು ಹತ್ತೊಂಬತ್ತು ವರ್ಷದವನ ಆಟ ಕೆಡಿಸೋದರಲ್ಲಿ ಶೌರ್ಯ ಏನಿದೆ?

ಇನ್ನೊಂದು ಲೆಕ್ಕ ನಾವು ಹಾಕೋದೇ ಇಲ್ಲ. ಗಲಾಟೆ ಜೋರಾದಾಗ ಮೊದಲು ಎದ್ದು ಹೋಗೋರು ಯಾರು? ಹೆಂಗಸರು, ಮಕ್ಕಳನ್ನ ಕರ್ಕೊಂಡು ಬಂದವರು, ವಯಸ್ಸಾದವರು, ಕೊನೆಗೆ ಅಂಪೈರ್. ಉಳಿಯೋದು ಬೈಯುವವರು ಮತ್ತು ಬೈಗುಳಕ್ಕೆ ನಗುವವರು. ಆಮೇಲೆ ಅವರೇ “ಇಲ್ಲಿ ಯಾರಿಗೂ ತೊಂದರೆ ಇಲ್ಲ, ಎಲ್ಲರೂ ಎಂಜಾಯ್ ಮಾಡ್ತಿದ್ದಾರೆ” ಅಂತಾರೆ. ತೊಂದರೆ ಆದವರು ಆಗಲೇ ಮನೆಗೆ ಹೋಗಿ ಆಗಿರುತ್ತೆ.

ಚಿನ್ನಸ್ವಾಮಿಯ ಮಾತು ಬರದೇ ಇರಲ್ಲ, ನಾವೆಲ್ಲ ಆರ್‌ಸಿಬಿಯವರು. ಅಲ್ಲಿನ ಸದ್ದು ನನಗೂ ಹಬ್ಬವೇ. ಒಂದು ವಿಷಯ ಮಾತ್ರ ಇದರ ಜೊತೆ ಬೆರೆಸಬಾರದು. 2025ರ ಜೂನ್ 4ರಂದು ಕಪ್ ಗೆದ್ದ ಖುಷಿಗೆ ಬಂದ 11 ಜನ ಸ್ಟೇಡಿಯಂ ಹೊರಗೆ ಕಾಲ್ತುಳಿತದಲ್ಲಿ ಸತ್ತರಲ್ಲ, ಅವರು ರೌಡಿಗಳಲ್ಲ. ಖುಷಿಪಡೋಕೆ ಬಂದು ನೂಕುನುಗ್ಗಲಿನಲ್ಲಿ ಸಿಕ್ಕಿಕೊಂಡವರು. ಜನ ಸೇರೋದೇ ತಪ್ಪು ಅನ್ನೋರಿಗೂ ನನಗೂ ಒಪ್ಪಂದ ಇಲ್ಲ. ನಾನು ಹೇಳ್ತಿರೋದು ಜನ ಸೇರಿದ ಮೇಲೆ ಒಬ್ಬ ಮನುಷ್ಯನನ್ನ ಗುರಿಯಾಗಿಸಿಕೊಳ್ಳೋ ಬಗ್ಗೆ. 2023ರ ಮೇ 21ರಂದು ಶುಭಮನ್ ಗಿಲ್ ಚಿನ್ನಸ್ವಾಮಿಯಲ್ಲಿ ಸೆಂಚುರಿ ಹೊಡೆದು ನಮ್ಮನ್ನ ಪ್ಲೇಆಫ್‌ನಿಂದ ಹೊರಗಿಟ್ಟ ರಾತ್ರಿ, ಅವರ ಸಹೋದರಿಯ ಇನ್‌ಸ್ಟಾಗ್ರಾಮ್‌ಗೆ ಹೋಗಿ ಬೈದವರಿದ್ದರು. ಗ್ಯಾಲರಿ ಈಗ ನಮ್ಮ ಜೇಬಿನಲ್ಲೇ ಇದೆ.

ಹಾಗಾದ್ರೆ ಗುಂಪನ್ನ ಸುಮ್ಮನಿರಿಸೋಕೆ ಯಾರಿಗೆ ಸಾಧ್ಯ? ಪೊಲೀಸರಿಗೆ ಸ್ವಲ್ಪ ಹೊತ್ತು ಸಾಧ್ಯ. ನಿಜವಾಗಿ ಸಾಧ್ಯ ಇರೋದು ಯಾರಿಗಾಗಿ ಗುಂಪು ಕೂಗ್ತಿದೆಯೋ ಅವರಿಗೆ. 2019ರ ಜೂನ್ 9, ಲಂಡನ್ನಿನ ಓವಲ್ ಮೈದಾನ, ವಿಶ್ವಕಪ್. ಚೆಂಡು ವಿರೂಪದ ಶಿಕ್ಷೆ ಮುಗಿಸಿ ಬಂದಿದ್ದ ಸ್ಟೀವ್ ಸ್ಮಿತ್ ಬೌಂಡರಿ ಹತ್ತಿರ ನಿಂತಿದ್ದಾಗ ನಮ್ಮವರೇ ಛೀಮಾರಿ ಹಾಕ್ತಿದ್ದರು. ಬ್ಯಾಟಿಂಗ್ ಮಾಡ್ತಿದ್ದ ವಿರಾಟ್ ಕೊಹ್ಲಿ ಆ ಕಡೆ ತಿರುಗಿ, ಇದು ಸಾಕು, ಚಪ್ಪಾಳೆ ಹೊಡೀರಿ ಅಂತ ಸನ್ನೆ ಮಾಡಿದರು. ಸ್ಮಿತ್ ಬಂದು ಬೆನ್ನು ತಟ್ಟಿದರು. ಅದಕ್ಕೆ ಆ ವರ್ಷದ ಐಸಿಸಿ ಸ್ಪಿರಿಟ್ ಆಫ್ ಕ್ರಿಕೆಟ್ ಪ್ರಶಸ್ತಿ ಕೊಹ್ಲಿಗೆ ಬಂತು. ಕಮೆಂಟೇಟರ್ ಹತ್ತು ಸಲ ಹೇಳಿದರೂ ಆಗದ ಕೆಲಸ ಅದು.

ಅದನ್ನೇ ನಾವು ನಮ್ಮ ಲೆವೆಲ್ಲಿಗೆ ತಂದ್ವಿ. ಆ ಕಬಡ್ಡಿ ಪಂದ್ಯಾವಳಿಯ ಬಹುಮಾನದ ದುಡ್ಡಿನಲ್ಲಿ ಒಂದು ಪಾಲು ಹೋಗೋದು ಬೆಂಗಳೂರಿನಲ್ಲಿ ಕೆಲಸ ಮಾಡುವ ನಮ್ಮ ಕಡೆ ಹುಡುಗರ ವಾಟ್ಸಾಪ್ ಗ್ರೂಪಿಂದ. ಕಳೆದ ವರ್ಷ ದುಡ್ಡಿನ ಜೊತೆ ಕೆಲವು ಕಂಡೀಷನ್ ಕಳಿಸಿದ್ವಿ. ಮೈಕ್‌ನಲ್ಲಿ ಹೆಸರು, ಸ್ಕೋರ್ ಬಿಟ್ಟು ಯಾರನ್ನೂ ಆಡಿಕೊಳ್ಳೋ ಹಾಗಿಲ್ಲ. ವಿಷಲ್ ಅಂಪೈರ್ ಹತ್ತಿರ ಮಾತ್ರ. ಅಂಕಣದ ಗೆರೆಯಿಂದ ಆರಡಿ ಬಿಟ್ಟು ಹಗ್ಗ. ಗಲಾಟೆ ಅತಿಯಾದರೆ ಮೊದಲು ಬಂದು ಜನರ ಹತ್ತಿರ ಮಾತಾಡಬೇಕಾದವನು ಊರ ತಂಡದ ಕ್ಯಾಪ್ಟನ್. ಗ್ರೂಪಿನಲ್ಲಿ ಜಗಳ ಆಯ್ತು. “ಬೆಂಗಳೂರಲ್ಲಿ ಎಸಿ ಕೆಳಗೆ ಕೂತ್ಕೊಂಡು ನಮಗೆ ಪಾಠ ಹೇಳ್ಬೇಡಿ” ಅಂದ್ರು, ಇಬ್ಬರು ಗ್ರೂಪ್ ಬಿಟ್ಟು ಹೋದರು. ಕೊನೆಗೆ ಕಮಿಟಿಯವರು ಒಪ್ಪಿದರು. ದುಡ್ಡಿಗಾಗಿ ಒಪ್ಪಿದರೋ ಮನಸ್ಸಿನಿಂದಲೋ, ಅದನ್ನ ಕೆದಕೋಕೆ ಹೋಗಲಿಲ್ಲ.

ಎಲ್ಲ ಸರಿಹೋಯ್ತು ಅಂತೇನಿಲ್ಲ. ಹಗ್ಗ ಮೊದಲ ದಿನವೇ ಒಳಗೆ ಸರೀತು. ಎರಡು ವಿಷಲ್ ಹೇಗೋ ಬಂದವು. ಆದ್ರೆ ಮೈಕ್ ಸರಿಯಾಗಿತ್ತು, ಅದೇ ದೊಡ್ಡ ವ್ಯತ್ಯಾಸ ಮಾಡ್ತು. ಮೈಕ್‌ನವನು ಚುಚ್ಚದಿದ್ದರೆ ಜನ ಅರ್ಧ ತಣ್ಣಗಿರ್ತಾರೆ ಅಂತ ಅವತ್ತು ಗೊತ್ತಾಯ್ತು. ಒಮ್ಮೆ ಬೈಗುಳ ಶುರುವಾದಾಗ ಊರ ತಂಡದ ಕ್ಯಾಪ್ಟನ್ ಗೆರೆ ತನಕ ನಡೆದು ಬಂದು, “ಅಣ್ಣಾ, ನಾವ್ ಆಡಿ ಗೆಲ್ತೀವಿ, ನೀವ್ ಬೈದು ಗೆಲ್ಲಿಸ್ಬೇಡಿ” ಅಂದ. ಜನ ನಕ್ಕರು, ಸುಮ್ಮನಾದರು. ಹೆಂಗಸರ ಕಡೆ ಮೂರು ಸಾಲು ಚೇರು ಕೊನೆಯವರೆಗೂ ತುಂಬಿತ್ತು. ಅತ್ತೆ ಫೈನಲ್ ಮುಗಿಸಿಯೇ ಎದ್ದರು.

ಮಾವ ಬಂದಿರಲಿಲ್ಲ. ಈ ವರ್ಷ ಕಮಿಟಿಯವರು ಮನೆಗೆ ಹೋಗಿ, ಎಲೆ ಅಡಿಕೆ ಇಟ್ಟು ಕರೆದಿದ್ದಾರೆ. ಅವರು ಹೂಂ ಅಂದಿಲ್ಲ, ಉಹೂಂ ಅಂದಿಲ್ಲ. “ಮೊದಲ ಪಂದ್ಯ ಕೂತ್ಕೊಂಡು ನೋಡ್ತೀನಿ. ಹುಡುಗರ ಉಸಿರು ನಾನು ಕೂತಿರೋ ಜಾಗಕ್ಕೆ ಕೇಳಿಸಿದ್ರೆ, ಎರಡನೇ ಪಂದ್ಯಕ್ಕೆ ವಿಷಲ್ ತಗೋತೀನಿ” ಅಂದಿದ್ದಾರೆ.